ಉಳಿದ ಅರವತ್ತು ಅಡಿ

ಹಾವೇರಿಯಿಂದ ನಮೂನೆ ಬಂದಿದೆ:
ಬಾಡಿಗೆ ಕಟ್ಟಡದ ಖರ್ಚನ್ನು ಸೇವೆವಾರು ಹಂಚಿ ತೋರಿಸಿ,
ಯಾವ ಸೇವೆ ಎಷ್ಟು ಚದರಡಿ ಹಿಡಿದಿದೆ ಎಂದು,
ಶುಕ್ರವಾರದೊಳಗೆ.

ಅಳೆಯಲು ಟೇಪಿಲ್ಲ ನಮ್ಮಲ್ಲಿ.
ಎದುರಂಗಡಿಯ ಟೇಲರ್ ಇಮಾಮಹುಸೇನನ ಕೊರಳಿಂದ
ಇಸಕೊಂಡು ಬಂದ ಪೋಸ್ಟಮನ್ ಹಜರೇಸಾಬ.
ಎದೆ, ಸೊಂಟ, ತೋಳು ಅಳೆದು ಸವೆದ ಟೇಪು
ಮೊದಲ ಸಲ ನೆಲದ ಮೇಲೆ ಮಲಗಿತು.

ಬ್ಯಾಡಗಿಯ ಉಪ ಅಂಚೆ ಕಚೇರಿ,
ಸಾವಂತ್ರವ್ವನ ಮನೆಯ ಕೆಳಗಿನ ಪಡಸಾಲೆ.
ಇಪ್ಪತ್ತಾರಕ್ಕೆ ಇಪ್ಪತ್ತೈದು, ಆರುನೂರ ಐವತ್ತು.
ತಿಂಗಳಿಗೆ ಐದು ಸಾವಿರದ ಇನ್ನೂರು.
ಅಡಿಗೆ ಎಂಟು ರೂಪಾಯಿ.
ಇಲ್ಲಿಯವರೆಗೆ ಸಲೀಸು.

ಬಾಗಿಲ ಬಳಿಯ ಆ ಮೇಜನ್ನೇ ನೋಡಿ.
ಬೆಳಿಗ್ಗೆ ಎಂಟಕ್ಕೆ ಅದು ಪತ್ರದ್ದು,
ಚೀಲ ಸುರಿದು ಓಣಿವಾರು ಜೋಡಿಸುತ್ತಾನೆ ಹಜರೇಸಾಬ.
ಹತ್ತಕ್ಕೆ ಉಳಿತಾಯ ಖಾತೆಯದ್ದು, ಪಾಸ್‌ಬುಕ್ಕುಗಳ ಗುಡ್ಡೆ.
ಒಂದೂವರೆಗೆ ನನ್ನ ಬುತ್ತಿಯದ್ದು, ರೊಟ್ಟಿ, ಪುಂಡಿಪಲ್ಯ.
ಮೂರಕ್ಕೆ ಪಾರ್ಸಲ್ಲಿನದ್ದು:
ಮೆಣಸಿನಕಾಯಿ ಮಾದರಿಯ ಪೊಟ್ಟಣ, ಇಂದೋರಿಗೆ, ಕೊಚ್ಚಿಗೆ.
ಹೊಲಿಗೆ ಒಂದು ಬಿಚ್ಚಿದರೂ ಇಡೀ ಕಚೇರಿಗೆ ಸೀನು,
ಖಾತೆದಾರರಿಗೆ, ವಿಮೆಯ ಏಜೆಂಟನಿಗೆ, ಗೋಡೆಯ ಹಲ್ಲಿಗೆ.
ಆ ಘಾಟನ್ನು ಯಾರ ಪಾಲಿಗೆ ಬರೆಯಲಿ?

ಮೆಟ್ಟಿಲಿಳಿದು ಬಂದ ಸಾವಂತ್ರವ್ವ
ನಮೂನೆ ಓದಿಸಿಕೊಂಡು, ಸೆರಗಿನಿಂದ ಮೂಗೊರಸಿ ಹೇಳಿದಳು:
"ಒಂದ ಒಲಿ, ತಂಗಿ. ಮೊದಲ ರೊಟ್ಟಿ ಬಡೀತೀನಿ,
ಆಮ್ಯಾಲ ಪಲ್ಯ, ಕೆಂಡ ಉಳದ್ರ ಹಾಲು,
ಬೂದ್ಯಾಗ ಬದನಿಕಾಯಿ.
ಕಟಗಿ ರೊಕ್ಕ ಹಾಲಿಗೆಷ್ಟು, ಬದನಿಕಾಯಿಗೆಷ್ಟು ಅಂತ
ನಮ್ಮತ್ತಿ ಸುದ್ದಾ ಕೇಳಲಿಲ್ಲ.
ಭಾಳ ಜಿಪುಣಿ ಇದ್ದಳಾಕಿ."
ಅಂದು, ನಾವು ಕೊಟ್ಟ ಬಾಡಿಗೆಯನ್ನು
ಅದೇ ಕಿಂಡಿಯಲ್ಲಿ ತನ್ನ ಖಾತೆಗೆ ಕಟ್ಟಿ
ಹಳೆಯ ಅಗ್ರಿಮೆಂಟಿಗೆ ವರ್ಷ ಎಷ್ಟಾಯಿತೆಂದು
ಬೆರಳಲ್ಲಿ ಎಣಿಸುತ್ತ ಮೇಲೆ ಹತ್ತಿದಳು.

ಪೆನ್ಸಿಲ್ ಹಿಡಿದು ಕೂತೆ.
ಉಳಿತಾಯಕ್ಕೆ ಇನ್ನೂರ ಹತ್ತು. ಪಾರ್ಸಲ್ಲಿಗೆ ನೂರ ಅರವತ್ತು.
ಸ್ಪೀಡ್ ಪೋಸ್ಟಿಗೆ ತೊಂಬತ್ತು, ವಿಮೆಗೆ ನಲವತ್ತು,
ಮನಿಯಾರ್ಡರಿಗೆ ಮೂವತ್ತು,
ಸಾದಾ ಪತ್ರಕ್ಕೆ, ಕಾರ್ಡೂ ಸೇರಿ, ಅರವತ್ತು.
ಕೂಡಿಸಿದರೆ ಐನೂರ ತೊಂಬತ್ತು.

ಉಳಿದದ್ದು ಅರವತ್ತು ಅಡಿ.
ಒಂದು ಕಾಲು ಕುಂಟುವ ಬೆಂಚು.
ಪಿಂಚಣಿಯ ಮುದುಕಿಯರು ಹೆಬ್ಬೆಟ್ಟು ಒತ್ತಿ
ಮಸಿ ಒರೆಸಿ ಒರೆಸಿ ನೀಲಿಯಾದ ಗೋಡೆ.
ಫಾರ್ಮು ತುಂಬಿಕೊಡೆಂದು ಹಜರೇಸಾಬನನ್ನು ಸುತ್ತುವ ಮೂಲೆ.
ವಿಳಾಸದಾರರು ಸಿಗದ ಪತ್ರಗಳ ಡ್ರಾವರು.
ಅಲ್ಲಿ ನಾವು ಏನನ್ನೂ ಮಾರುವುದಿಲ್ಲ.
ನಮೂನೆಯಲ್ಲಿ "ಇತರೆ" ಎಂಬ ಕಾಲಮ್ಮೂ ಇಲ್ಲ.

"ಕಾರ್ಡಿನ ಮ್ಯಾಲ ಹಾಕ್ರಿ ಮೇಡಂ," ಅಂದ ಹಜರೇಸಾಬ,
"ಅದಕ್ಕ ಬಾಯಿಲ್ಲ."

ಹಾಕಿದೆ. ಅರವತ್ತು ಅಳಿಸಿ ನೂರ ಇಪ್ಪತ್ತು.
ಆ ಹೆಚ್ಚಿಗೆಯ ನಾನೂರ ಎಂಬತ್ತು ರೂಪಾಯಿಗೆ
ಎಂಟಾಣೆಯ ಕಾರ್ಡು ಒಂಬೈನೂರ ಅರವತ್ತು ಮಾರಬೇಕು.
ಹೋದ ತಿಂಗಳು ಹೋದವು ಹದಿನಾಲ್ಕು;
ಅವುಗಳಲ್ಲಿ ಒಂಬತ್ತು ಒಯ್ದವರು
ಕದರಮಂಡಲಗಿಯ ನಿವೃತ್ತ ಡ್ರಾಯಿಂಗ್ ಮಾಸ್ತರರು.
ಇನ್ನು ಯಾರೋ, ಎಲ್ಲೋ, ತಣ್ಣಗಿನ ಕೋಣೆಯಲ್ಲಿ
ಕೆಂಪು ಶಾಯಿಯಲ್ಲಿ ಗೀಟೆಳೆಯುತ್ತಾರೆ:
ಬ್ಯಾಡಗಿಯಲ್ಲಿ ಸಾದಾ ಪತ್ರ ನಷ್ಟದಲ್ಲಿದೆ.
ಆ ನಷ್ಟದ ಅಕ್ಷರ ನನ್ನದು.

ಸಂಜೆ ಟೇಪು ಮರಳಿಸಿದಾಗ
ಖಾರದ ಧೂಳಿಗೆ ಎರಡು ಸಲ ಸೀನಿ
ಇಮಾಮಹುಸೇನ ಕೇಳಿದ, ಸರಿ ಬಂತೇನ್ರಿ ಲೆಕ್ಕ?
ಬಂತು ಅಂದೆ, ಇಂಚೂ ಬಿಡದ ಹಾಗೆ.
"ನಾವಾದ್ರ ಒಳಗ ಎರಡಿಂಚು ಬಿಟ್ಟಿರತೀವ್ರಿ,
ಮುಂದ ಬಿಚ್ಚಾಕ."

ಕೀಲಿ ಹಾಕಲು ತಿರುಗಿದೆ.
ಬೆಂಚಿನ ಮೇಲೆ ಒಬ್ಬರು ಇನ್ನೂ ಕೂತಿದ್ದರು,
ತೊಡೆಯ ಮೇಲೆ ಖಾಲಿ ಕೈಚೀಲ.
ಏನು ಬೇಕಿತ್ತು, ಅಜ್ಜಾ?
"ಏನಿಲ್ಲವಾ. ಬಸ್ಸಿಗೆ ಇನ್ನೂ ಹೊತ್ತದ."