ಇನ್ನೂರ ಹದಿನಾಲ್ಕು

ಸಂಜೆ ನಾಲ್ಕಕ್ಕೆ ಕುಲಶೇಖರದ ಮದುವೆ ಹಾಲ್‌ನಲ್ಲಿ
ವಯರಿನ ಗಂಟು ಬಿಡಿಸುತ್ತಾ ಕೂತಿದ್ದೇನೆ.
ಕಳೆದ ವಾರ ನಾನೇ ಸುತ್ತಿಟ್ಟದ್ದು, ನೀಟಾಗಿ.
ರಾತ್ರಿ ಚೀಲದೊಳಗೆ ಎದ್ದು ಕೂತು
ಇವು ಎಂತ ಮಾಡುತ್ತವೋ ದೇವರಿಗೇ ಗೊತ್ತು.

ಗಟ್ಟಿಯ ಡ್ರಮ್ಮು ಸ್ಕೂಲ್ ವ್ಯಾನಿನಲ್ಲಿ ಬರಬೇಕು,
ಕೊನೆಯ ಮಗು ಇಳಿದ ಮೇಲೆ.
ಪಂಪ್‌ವೆಲ್‌ನಲ್ಲಿ ಬ್ಲಾಕ್ ಅಂತೆ.
ಹನೀಫ ಸ್ಟೇಟ್‌ಬ್ಯಾಂಕಿನ ಅಂಗಡಿಯಲ್ಲಿ
ಯಾರದೋ ಮೊಬೈಲಿನ ಹೊಟ್ಟೆ ಬಗೆದಿಟ್ಟು ಬಂದವ
ಗಿಟಾರಿನ ತಂತಿ ಸವರಿ ಬೆರಳು ತೋರಿಸಿದ:
ತುಕ್ಕು.
ಹೊಸತು ಹಾಕಿ ಹದಿನೆಂಟೇ ದಿನ.
ಈ ಊರಿನ ಗಾಳಿಗೆ ಸಿಕ್ಕಿದ್ದಕ್ಕೆಲ್ಲ ಉಪ್ಪು ಹಾಕುವ ಚಟ.

ಹಾಡುವವ ಹ್ಯೂಬರ್ಟ್, ಕೀಬೋರ್ಡೂ ಅವನದೇ,
ಹಾಗಾಗಿ ಯಜಮಾನಿಕೆಯೂ.
'ಡಿ ಮೇಜರ್' ಎಂದು ಹೇಳಿ ಸಿ-ಯಲ್ಲಿ ಎತ್ತಿಕೊಳ್ಳುತ್ತಾನೆ.
ಕೇಳಿದರೆ ಶೀತ ಮಾರಾಯ, ಅನ್ನುತ್ತಾನೆ.
ಹನ್ನೊಂದು ವರ್ಷದ ಶೀತ.

ನನ್ನದು ಬಾಸ್.
ನಿಂತಾಗ ಮಾತ್ರ ನೆನಪಾಗುವ ಫ್ಯಾನಿನ ಹಾಗೆ.
ಅಮ್ಮ ಈಗಲೂ ಕೇಳುವುದುಂಟು,
ಉಳಿದ ಎರಡು ತಂತಿ ಯಾವಾಗ ಹಾಕಿಸುತ್ತೀ ಅಂತ.

ಎಂಟು ಗಂಟೆಗೆ ಚೀಟಿಗಳು ಶುರು.
ಟಿಶ್ಯೂ ಪೇಪರಿನ ಮೇಲೆ, ಎಣ್ಣೆ ಕಲೆಯ ಪಕ್ಕ,
ತುಳು ಒಂದು, ಕೊಂಕಣಿ ಒಂದು, ಹಿಂದಿ ಮೂರು.
ಈಗಷ್ಟೇ ಮುಗಿಸಿದ ಹಾಡನ್ನೇ
ಯಾಕೆ ನುಡಿಸಲಿಲ್ಲ ಎಂದು ಮದುಮಗನ ಮಾವನ ಸಿಟ್ಟು.
ಇನ್ನೊಬ್ಬರು ಜೇಬಿನಿಂದ ಪೆನ್‌ಡ್ರೈವ್ ತೆಗೆದು
ಪ್ರೀತಿಯಿಂದಲೇ ಅಂದರು:
ನಿಮಗೂ ಸ್ವಲ್ಪ ರೆಸ್ಟ್ ಆಗುತ್ತದೆ.

ನಮ್ಮ ಊಟದ ಸರದಿ ಬರುವಾಗ
ಬಾಫತ್‌ನ ಪಾತ್ರೆಯಲ್ಲಿ ಸೌಟು ಮಾತ್ರ ಉಂಟು.
ಹನೀಫ ಎಂದಿನ ಹಾಗೆ
ಸನ್ನಾಸ್‌ಗೆ ಸಲಾಡಿನ ಸೌತೆ ನೆಂಚಿಕೊಂಡು
ಮಾತಿಲ್ಲದೆ ನಾಲ್ಕು ತಿಂದ.

ನಮ್ಮದು ಎಂಬುದೂ ಒಂದು ಉಂಟು, ಹೇಳಬೇಕು.
ಮೂರು ನಿಮಿಷದ್ದು. ಹನೀಫನ ಟ್ಯೂನು, ಗಟ್ಟಿಯ ಸಾಲು.
ಜನವರಿಯಲ್ಲಿ ಬೋಂದೆಲ್‌ನ ಹಾಲ್‌ನಲ್ಲಿ, ಯಾರೂ ಬರುವ ಮೊದಲು,
ಸೌಂಡ್ ಚೆಕ್ ಎಂಬ ನೆಪದಲ್ಲಿ ಅದನ್ನು ನುಡಿಸಿದ್ದೆವು.
ಕುರ್ಚಿ ಜೋಡಿಸುವ ಹುಡುಗ ಕೆಲಸ ಬಿಟ್ಟು ನಿಂತಿದ್ದ.
'ಅಣ್ಣಾ, ಇದು ಯಾವ ಪಿಚ್ಚರಿದು?'
ನಮ್ಮದು ಎನ್ನಲು ಹ್ಯೂಬರ್ಟನಿಗೆ ನಾಚಿಕೆಯಾಯಿತೋ ಏನೋ,
ಎದುರಿನ ಕುರ್ಚಿಯ ಬೆನ್ನಿನಲ್ಲಿ ಬರೆದ ನಂಬರ್ ಓದಿ ಹೇಳಿದ:
'ಇನ್ನೂರ ಹದಿನಾಲ್ಕು.'
ನೋಡಿಲ್ಲ, ಅಂದ ಹುಡುಗ. ನೋಡಬೇಕು.

ಈಗ ಚೀಟಿಗಳ ನಡುವೆ ಒಂದು,
ಪೆನ್ನು ಒತ್ತಿ ಬರೆದದ್ದು:
ಇನ್ನೂರ ಹದಿನಾಲ್ಕು ಪಿಚ್ಚರಿನ ಹಾಡು, ಪ್ಲೀಸ್.
ಐಸ್‌ಕ್ರೀಮಿನ ಟೇಬಲ್ ಹಿಂದೆ ಅವನೇ,
ಸೈಜಿಗೆ ದೊಡ್ಡದಾದ ಕೆಂಪು ಕೋಟು,
ಕೈಯಲ್ಲಿ ಸ್ಕೂಪು, ಕಣ್ಣು ನಮ್ಮ ಮೇಲೆ.

ಗಟ್ಟಿ ನನ್ನ ಮುಖ ನೋಡಿದ, ನಾನು ಹನೀಫನದ್ದು.
ಎರಡನೇ ಚರಣ ಹೇಗೆ? ಗೊತ್ತಿಲ್ಲ.
ಗೊತ್ತಿದ್ದವ ಬರೆದವನೇ, ಅವನಿಗೂ ಮರೆತಿದೆ.
ಡಿ, ಅಂದ ಹ್ಯೂಬರ್ಟ್.
ಹನ್ನೊಂದು ವರ್ಷದ ಅನುಭವದಿಂದ ನಾನು ಸಿ ಹಿಡಿದೆ.
ಅವನು, ಜೀವಮಾನದಲ್ಲಿ ಒಮ್ಮೆ,
ಹೇಳಿದಲ್ಲಿಂದಲೇ ಹಾಡಿದ.

ಎಂಟು ಸಾಲೂ ದಾಟಲಿಲ್ಲ.
'ಟೆಸ್ಟಿಂಗ್ ಇನ್ನೂ ಮುಗಿಯಲಿಲ್ಲವಾ?' ಎಂದು
ಹಿಂದಿನ ಸಾಲಿನಿಂದ ಯಾರೋ.
ಗಟ್ಟಿ ಬೈಲಾದ ಪೆಟ್ಟಿಗೆ ಜಾರಿದ,
ಎಲ್ಲರೂ ಎದ್ದು ಕುಣಿದರು,
ಹತ್ತಕ್ಕೆ ಪೊಲೀಸರ ಹೆಸರು ಹೇಳಿ ಮ್ಯಾನೇಜರ್ ಮೈನ್ ಇಳಿಸಿದ.

ಅರ್ಧ ದುಡ್ಡು ಕವರಿನಲ್ಲಿ, ಅರ್ಧ ಬುಧವಾರ.
ಯಾವ ಬುಧವಾರ ಎಂದು ಕೇಳಬಾರದು.
ವಯರು ಸುತ್ತುತ್ತಿದ್ದೆ.
ಕೋಟು ಕಳಚಿಟ್ಟು ಬಂದ ಹುಡುಗ
ಸ್ಪೀಕರಿಗೆ ಕೈ ಕೊಡುತ್ತಾ, ಬೇಸರವಾಗದ ಹಾಗೆ,
ಮೆಲ್ಲಗೆ ಹೇಳಿದ:
'ಪರವಾಗಿಲ್ಲ ಅಣ್ಣಾ.
ಆದರೆ ಪಿಚ್ಚರಿನಲ್ಲಿ ಇದ್ದ ಹಾಗೆ ಬರಲಿಲ್ಲ.'

ಹನೀಫ ತಲೆಯಾಡಿಸಿದ.
ಹೌದಲ್ಲವಾ, ಅಂದ,
ಒರಿಜಿನಲ್ ಬೇರೆಯೇ.