ಗಾಳಿ ಯಾವ ಕಡೆಯದು

ಹೋದ ವರ್ಷದ ಅಭಿಪ್ರಾಯ ಪತ್ರಗಳು ಇಪ್ಪತ್ತೆರಡು.
ಇಪ್ಪತ್ತೆರಡರಲ್ಲೂ ‘ಅತ್ಯುತ್ತಮ’ದ ಮುಂದೆ ಟಿಕ್ಕು,
ಒಂದೇ ನೀಲಿ ಪೆನ್ನು, ಒಂದೇ ಕೈಯ ಓರೆ.
ಊಟದ ಹೊತ್ತಾಗಿತ್ತು. ಯಾರೋ ಒಬ್ಬರು ಎಲ್ಲರ ಪರವಾಗಿ
ನನ್ನನ್ನು ಪಾಸು ಮಾಡಿದ್ದರು.

ಆಮೇಲೆ ಮಾರ್ಚಿನಲ್ಲಿ, ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಅಮೋನಿಯಾದ ಪೈಪು ಬಿರಿಯಿತು.
ನನ್ನ ಹದಿನೇಳನೆಯ ಸ್ಲೈಡಿನಲ್ಲಿ ಹಸಿರು ಬಾಣವಿತ್ತು:
ಗೇಟಿನ ಕಡೆಗೆ ಓಡಿ.
ಓಡಿದರು. ಹೇಳಿದ್ದನ್ನು ಹೇಳಿದ ಹಾಗೇ ಕಲಿತ ಜನ.
ಮಧ್ಯಾಹ್ನ ಮೂರರ ಗಾಳಿಯೂ ಕಡಲಿಂದೆದ್ದು
ಗೇಟಿನ ಕಡೆಗೇ ಓಡುತ್ತಿತ್ತು, ಅವರ ಜೊತೆಗೇ.
ಉಲ್ಲಾಸ ದುರ್ಗೇಕರನ ಕಣ್ಣಿಗೆ ಹನ್ನೊಂದು ದಿನ ಪಟ್ಟಿ.

ಒಬ್ಬನೇ ಒಬ್ಬ, ಇನಾಸ, ಒದ್ದೆ ಟವೆಲು ಮುಖಕ್ಕೊತ್ತಿ
ಗೇಟಿಗೆ ಬೆನ್ನು ಹಾಕಿ ಧಕ್ಕೆಗೆ ಓಡಿದ್ದನಂತೆ.
ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂತವನು.
ಅವನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ:
‘ಅರ್ಥವಾಯ್ತಾ?’

ಈಗ ಜೂನ್. ಬೋಟುಗಳೆಲ್ಲ ದಡಕ್ಕೆ, ಮಂಜುಗಡ್ಡೆಗೆ ಗಿರಾಕಿಯಿಲ್ಲ.
ಸೊಸೈಟಿಯವರು ಮತ್ತೆ ನನ್ನನ್ನೇ ಕರೆದಿದ್ದಾರೆ.
ಲಾಡ್ಜಿನ ಮೇಜಿನ ಮೇಲೆ ವೇಳಾಪಟ್ಟಿ ಹರವಿ
ನಿಮಿಷ ಎಣಿಸುತ್ತೇನೆ: ಸ್ವಾಗತ ಹತ್ತು, ಉದ್ದೇಶ ಇಪ್ಪತ್ತು,
ನಾನು, ನಾನು, ಚಹಾ, ನಾನು, ಊಟ, ನಾನು,
ಕೊನೆಗೆ ಹತ್ತು ನಿಮಿಷ: ಸಂದೇಹಗಳಿದ್ದರೆ.
ಮೂವತ್ತು ವರ್ಷ ಉಪ್ಪುನೀರಿನ ತೊಟ್ಟಿಯ ಅಂಚಿನ ಮೇಲೆ
ಬರಿಗಾಲಲ್ಲಿ ನಡೆದವರಿಗೆ
ನಡೆಯುವುದು ಹೇಗೆಂದು ಚಿತ್ರ ತೋರಿಸಿದ್ದೆ.

ರಬ್ಬರು ಹಿಡಿದು ಕೂತೆ.
ಅಳಿಸುವುದು ಸುಲಭ. ಮಾತು ತೆಗೆದ ಜಾಗದಲ್ಲಿ
ಏನಿಡಬೇಕು?
ಖಾಲಿ ಬಿಟ್ಟರೆ ಸೆಕ್ರೆಟರಿ ಬಂದು ತುಂಬಿಸುತ್ತಾರೆ.
ಆಟವಿಟ್ಟರೆ ಐವತ್ತು ದಾಟಿದ ಗಂಡಸರು ಬಲೂನು ಊದುತ್ತ
ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.
(ಅದನ್ನೂ ಮಾಡಿಸಿದ್ದೇನೆ, ಅಂಕೋಲೆಯಲ್ಲಿ. ದೇವರು ಕ್ಷಮಿಸಲಿ.)
ಅಕ್ಷರ ಬಾರದ ಶಾಲಿನಿಯ ಕೈಗೆ ಚೀಟಿ ಕೊಟ್ಟರೆ
ಅವಳ ಬಾಯಿಗೆ ನಾನೇ ಬೀಗ ಹಾಕಿದ ಹಾಗೆ.
ರಾತ್ರಿ ಹನ್ನೆರಡಕ್ಕೆ ಉಳಿದದ್ದು
ಒಂದು ಸಾಲು, ಒಂದು ಡಬ್ಬಿ ಸೀಮೆಸುಣ್ಣ.

ಬೆಳಿಗ್ಗೆ ಕುರ್ಚಿಗಳನ್ನು ಗೋಡೆಗೆ ಸರಿಸಿ ಕೇಳಿದೆ:
‘ಆ ದಿನ ನೀವು ಎಲ್ಲಿದ್ದಿರಿ?’

ಮೌನ.
ತುಂಬಿಸದಿರಲು ನಾಲಿಗೆ ಕಚ್ಚಿಕೊಂಡೆ.

ಇನಾಸ ಚಪ್ಪಲಿ ಕಳಚಿ, ಮಂಡಿಯೂರಿ
ನೆಲದ ಮೇಲೆ ಫ್ಯಾಕ್ಟರಿ ಬರೆಯತೊಡಗಿದ.
ಕಂಪ್ರೆಸರು. ತೊಟ್ಟಿ. ಗಡ್ಡೆ ಜಾರುವ ಇಳಿಜಾರು.
‘ಹಾಗಲ್ಲವೋ, ಬಾಗಿಲು ಈಚೆಗೆ’ ಎಂದು ದೇವಿದಾಸ ತಾಂಡೇಲ
ಅಂಗಾಲಿನಿಂದ ಗೆರೆ ಒರೆಸಿದ.
‘ಆ ಬಾಗಿಲು ಎಲ್ಲುಂಟು? ಡಬ್ಬ ಪೇರಿಸಿ ಎರಡು ವರ್ಷ ಆಯ್ತಲ್ಲ’
ಎಂದಳು ಶಾಲಿನಿ. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.
ಸೆಕ್ರೆಟರಿ ಕೆಮ್ಮಿದರು. ಅವರು ನಿಂತದ್ದು ಸರಿಯಾಗಿ
ಪೈಪು ಬಿರಿದ ಜಾಗದ ಮೇಲೆ.

ಮೊದಲು ತಿಳಿಯುವುದು ಮೂಗಿಗೆ, ಅಂತ ನನ್ನ ಸ್ಲೈಡು.
‘ದೊಳೆ’ ಎಂದ ಇನಾಸ, ರೆಪ್ಪೆ ಮುಟ್ಟಿ. ಕಣ್ಣು.
ಇಲ್ಲಿ ಎಲ್ಲರ ಮೂಗೂ ರಾಜೀನಾಮೆ ಕೊಟ್ಟು
ಎಷ್ಟೋ ಕಾಲವಾಯ್ತು.

ಉಲ್ಲಾಸ ಗೆರೆಯ ಹೊರಗೇ ನಿಂತಿದ್ದ.
ಯಾರೂ ಎಳೆಯಲಿಲ್ಲ. ನಾನೂ.
ಚಹಾ ಆದ ಮೇಲೆ ತಾನೇ ಬಂದು, ಗೇಟಿನ ಗುರುತಿನಲ್ಲಿ ನಿಂತು ಕೇಳಿದ:
‘ಈಗ ಹೇಳಿ ಮೇಡಂ, ಗಾಳಿ ಯಾವ ಕಡೆಯದು?’
ಗೊತ್ತಿಲ್ಲ ಎಂದೆ.
ನಾಲ್ವರು ಕಿಟಕಿ ತೆರೆದು, ಕೈ ಚಾಚಿ ನೋಡಿ ಬಂದರು.
ನಾಲ್ವರೂ ಬೇರೆ ಬೇರೆ ಹೇಳಿದರು.

ಸಂಜೆ ನಾಲ್ಕೂವರೆಗೂ ತೀರ್ಮಾನವಾಗಿರಲಿಲ್ಲ,
ಗಾಳಿ ತೋರುವ ಬಟ್ಟೆ ಕಟ್ಟುವುದು
ನೀರಿನ ಟಾಂಕಿಗೋ, ಧಕ್ಕೆಯ ಕಂಬಕ್ಕೋ.
ಹಳೆಯ ಬಲೆಯ ತುಂಡು ಸಾಕೆಂದು ಒಬ್ಬರು,
ಬಲೆಗೆ ಗಾಳಿ ಸಿಗುವುದುಂಟೇ ಎಂದು ಇನ್ನೊಬ್ಬರು.
ನನ್ನ ಬಸ್ಸಿಗೆ ಹೊತ್ತಾಯಿತು.
ಅಭಿಪ್ರಾಯ ಪತ್ರ ಹಂಚಲು ಮರೆತೆ.
ಮೆಟ್ಟಿಲಿಳಿದು ರಸ್ತೆಗೆ ಬಂದರೂ
ಮೇಲಿನ ಜಗಳ ಕೇಳುತ್ತಿತ್ತು.