ಮೂರು ಕೂಗು ತಪ್ಪಿದರೆ

ಶ್ರೀಮಂಗಲದ ಸೊಸೈಟಿಯ ಹಿಂದಿನ ಕೋಣೆ.
ಗೊಬ್ಬರದ ಮೂಟೆಗಳ ಘಾಟಿನ ನಡುವೆ
ಒಂದರ ಮೇಲೊಂದು ಎರಡು ರೂಟರು,
ಎರಡಕ್ಕೂ ಒಂದೇ ವಿಳಾಸ.
ಮೇಲಿನದು ದುಡಿಯುತ್ತದೆ. ಕೆಳಗಿನದು
ಸುಮ್ಮನೆ ಬಿಸಿಯಾಗುತ್ತದೆ.

‘ದಂಡದ ಕರೆಂಟು’ ಎನ್ನುತ್ತಾರೆ ಕಾರ್ಯದರ್ಶಿ ಉತ್ತಯ್ಯನವರು
ಬಿಲ್ಲು ಬಂದಾಗಲೆಲ್ಲ.
ಹೇಗೆ ಹೇಳಲಿ ಅವರಿಗೆ,
ನನ್ನಪ್ಪ ರಾತ್ರಿ ಗದ್ದೆ ಕಾಯುತ್ತಿದ್ದಾಗ
ಆಚೆ ಅಟ್ಟಣೆಯಲ್ಲಿ ಮೊಯ್ದು ಕಾಕ.
‘ಕೂ’ ಎಂದರೆ ‘ಕೂ’.
ಆನೆ ಬಂತೆಂದಲ್ಲ ಅರ್ಥ,
ನಾನಿದ್ದೇನೆ, ಅಷ್ಟೇ.
ಒಂದು ಕೂಗು ತಪ್ಪಿದರೆ ಬೀಡಿ ಹಚ್ಚುತ್ತಿರಬಹುದು.
ಎರಡು ತಪ್ಪಿದರೆ ತೂಕಡಿಕೆ.
ಮೂರು ತಪ್ಪಿತೋ, ಅಪ್ಪ ಪಂಜು ಹಿಡಿದು
ಎರಡೂ ಗದ್ದೆಗೆ ತಾನೇ ಕಾವಲು.

ಮೊನ್ನೆ ಬುಧವಾರ, ಪಡಿತರದ ದಿನ.
ಮಾಕಿ ಬೆಳಗಿನಿಂದ ಹೆಬ್ಬೆರಳು ಒತ್ತುತ್ತಿದ್ದಳು.
ನಲವತ್ತು ವರ್ಷ ಒಳ್ಳೆಮೆಣಸು ಕೊಯ್ದ ಬೆರಳು,
ಗೆರೆಯೆಲ್ಲ ಬಳ್ಳಿಗೇ ಹೋಗಿದೆ.
ಸೆರಗಿಗೆ ಒರೆಸಿದಳು, ತಲೆಯ ಎಣ್ಣೆಗೆ ಉಜ್ಜಿದಳು,
ಹನ್ನೊಂದನೆಯ ಸಲ
ಯಂತ್ರಕ್ಕೆ ಹಸಿರು ಬಂತು.
ಇನ್ನು ಅಕ್ಕಿಯ ಲೆಕ್ಕ ಮೇಲೆ ಹೋಗಿ ಬರಬೇಕು.

ಆಗಲೇ ಒಳಗೆ ಟಪ್.
ಮೇಲಿನ ಪೆಟ್ಟಿಗೆಯ ಅಡಾಪ್ಟರಿನಲ್ಲಿ
ಹಲ್ಲಿಯೊಂದು ಸುಟ್ಟು ಕರಕಲು.

ಒಂದು ಕೂಗಿಲ್ಲ.
ಎರಡಿಲ್ಲ.

ನಾನು ಓಡಿ ಬರುವಷ್ಟರಲ್ಲಿ
ಕೆಳಗಿನದು ಅದೇ ಹೆಸರಿಗೆ ಓಗೊಟ್ಟಾಗಿತ್ತು.
ಹೆಸರು ಹೊತ್ತರೆ ಸಾಲದು,
ಅರ್ಧ ಆಡಿದ ಮಾತೂ ಗೊತ್ತಿರಬೇಕು:
ಯಾರು ಕೇಳಿದ್ದು, ಯಾವ ಬಾಗಿಲಿಂದ,
ಎಷ್ಟನೆಯ ಪದಕ್ಕೆ ನಿಂತಿತ್ತು ಉತ್ತರ.
ಇದನ್ನೆಲ್ಲ ಮೇಲಿನದು ಕೆಳಗಿನದರ ಕಿವಿಯಲ್ಲಿ
ಉಸುರುತ್ತಲೇ ಇತ್ತು, ಸಾಯುವ ತನಕ.
ಕಡೆಯ ಉಸುರು ತಲುಪಿತೋ ಇಲ್ಲವೋ,
ಅದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ಕೌಂಟರಿನಲ್ಲಿ ಚಕ್ರ
ಎರಡು ಸುತ್ತು ಹೆಚ್ಚು ತಿರುಗಿತು.
ದಮಯಂತಿ ಆಕಳಿಸಿದಳು.
ಚೀಟಿ ಹೊರಬಂತು.
‘ಮತ್ತೆ ಒತ್ತಬೇಕಾ?’
ಬೆರಳನ್ನು ಎತ್ತಿ ಹಿಡಿದೇ ಕೇಳಿದಳು ಮಾಕಿ.
ಬೇಡ, ಎಂದೆ.

ಈಗ ಕೆಳಗಿನದು ಕೂಗುತ್ತಿದೆ, ಸೆಕೆಂಡಿಗೊಮ್ಮೆ.
ಕೇಳಿಸಿಕೊಳ್ಳಲು ಆಚೆ ಯಾರೂ ಇಲ್ಲ.
ಹೊಸ ಅಡಾಪ್ಟರು ಗೋಣಿಕೊಪ್ಪದಿಂದ
ಶುಕ್ರವಾರ ಬರುತ್ತದಂತೆ.
ಅಲ್ಲಿಯವರೆಗೆ ರಾತ್ರಿ ಇಲ್ಲೇ ಮಲಗುತ್ತೇನೆ ಎಂದೆ.
ಉತ್ತಯ್ಯನವರು ನಕ್ಕು
ಬೀಗದ ಕೈ ಕೊಟ್ಟರು.